ರೊಟ್ಟಿ ಬಡಿಯುವ ಸಪ್ಪಳ

"ಅಣ್ಣಾರ, ತೋಳು ಹಗ್ಗದಂಗ ಬಿಗದೈತಲ್ರಿ. ರೊಟ್ಟಿ ಬಡ್ಯಾಕತ್ತೀರೋ, ಹಾವು ಬಡ್ಯಾಕತ್ತೀರೋ? ಸಡ್ಲ ಬಿಡ್ರಿ" ಎಂದು ಪಕ್ಕದ ಮನೆಯ ಹುಸೇನಬಿ ನನ್ನ ತೋಳು ಒತ್ತಿ ನೋಡಿ ಹೇಳಿದರು.

ಹೆಂಡತಿ ತೀರಿಕೊಂಡ ಮೇಲೆ ಗೊಳಸಂಗಿಯ ನಮ್ಮ ಮನೆಯಲ್ಲಿ ಉಳಿದವರು ನಾನು ಮತ್ತು ಪುಟ್ಟ ಮಗಳು. ಅವಳಿಗಾಗಿ ಜೋಳದ ರೊಟ್ಟಿ ಕಲಿಯುತ್ತಿದ್ದೆ. ದಿನವೂ ರೊಟ್ಟಿ ಹರಿಯುತ್ತಿತ್ತು, ತೋಳು ನೋಯುತ್ತಿತ್ತು. ಆ ಬೆಳಿಗ್ಗೆ ಹುಸೇನಬಿ ಹೇಳಿದಂತೆ ತೋಳು ಸಡಿಲ ಬಿಟ್ಟೆ. ಅಂಗೈ ತಾನಾಗಿ ಎದ್ದು ಬಿತ್ತು, ರೊಟ್ಟಿ ದುಂಡಗೆ ತಿರುಗಿತು. ಸಪ್ಪಳವೂ ನನ್ನ ಹೆಂಡತಿ ಬಡಿಯುತ್ತಿದ್ದಂತೆಯೇ ಕೇಳಿತು.

ಒಳಗೆ ಮಲಗಿದ್ದ ಮಗಳು "ಅವ್ವಾ" ಎನ್ನುತ್ತ ಓಡಿಬಂದಳು. ಒಲೆಯ ಮುಂದೆ ನನ್ನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

ಈಗ ರೊಟ್ಟಿ ಚೆನ್ನಾಗಿಯೇ ಬರುತ್ತದೆ. ಆದರೆ ಮಗಳು ಎದ್ದು ನನ್ನ ಪಕ್ಕ ಬಂದು ಕೂತ ಮೇಲೆಯೇ ಬಡಿಯಲು ಶುರು ಮಾಡುತ್ತೇನೆ.