ಕೊನೆಯ ಬೆಂಚಿನಿಂದ ಎದ್ದ ಭಾನುವಾರ

“ಯವ್ವಾ, ನನ್ನ ಮೊಣಕಾಲು ನೋಯಾಕತ್ತಾವ. ರಟ್ಟಿ ಹಿಡಿದು ಮುಂದಕ್ಕ ಕರ್ಕೊಂಡು ಹೋಗು,” ಎಂದರು ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿ. ಮಾನ್ವಿಯ ನಮ್ಮ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿಯ ಚೂರು ಪಡೆಯಲು ಎಲ್ಲರೂ ಎದ್ದು ಮುಂದೆ ಹೋಗುತ್ತಿದ್ದರು. ನಾನು ಮಾತ್ರ ನಾಲ್ಕು ವರ್ಷಗಳಿಂದ ಕೊನೆಯ ಬೆಂಚು ಬಿಟ್ಟು ಎದ್ದವಳಲ್ಲ. ಮನಸ್ಸಿನಲ್ಲಿ ತಪ್ಪು ಇಟ್ಟುಕೊಂಡು ಆ ರೊಟ್ಟಿಗೆ ಕೈಯೊಡ್ಡಬಾರದು ಎಂದು ನಂಬಿದ್ದೆ.

ಯಾರಿಗೂ ಹೇಳದ್ದನ್ನು ಅಜ್ಜಿಯ ಕಿವಿಯಲ್ಲಿ ಹೇಳಿಬಿಟ್ಟೆ. ಅಕ್ಕ ತನ್ನ ಮಗಳ ಮದುವೆಗೆ ನನ್ನನ್ನು ಕರೆದಿರಲಿಲ್ಲ. ಆಮೇಲೆ ದೇವದುರ್ಗದಿಂದ ಬಂದು ಬಾಗಿಲು ಬಡಿದಾಗ, ಆ ಸಿಟ್ಟಿಗೆ ನಾನು ಒಳಗಿದ್ದೂ ಚಿಲಕ ತೆಗೆಯಲಿಲ್ಲ. ಸಜ್ಜೆ ರೊಟ್ಟಿಯ ಗಂಟನ್ನು ಹೊಸ್ತಿಲ ಮೇಲಿಟ್ಟು ಹೋದಳು. ಅದೇ ವಾರ ತೀರಿಕೊಂಡಳು.

“ದೇವರ ಮುಂದ ಅತ್ತು ಕ್ಷಮಾ ಕೇಳಿಲ್ಲೇನು?” ಎಂದರು ಅಜ್ಜಿ.

“ದಿನಾ ಕೇಳ್ತೀನ್ರೀ.”

“ಮತ್ತ? ಶಿಲುಬಿ ಮ್ಯಾಲೆ ಆತ ಕ್ಷಮಿಸ್ಯಾನ. ನಿನ್ನ ನೀನ ಇನ್ನೂ ಕ್ಷಮಿಸಂಗಿಲ್ಲಂದ್ರ, ಆತನಕಿಂತ ದೊಡ್ಡಾಕೇನು ನೀ? ಏಳು!” ಎಂದು ಗದರಿದರು.

ಅವರನ್ನು ಹಿಡಿದುಕೊಂಡು ಮುಂದೆ ಹೋದೆ. ಅವರು ನಿಂತೇ ಕೈಯೊಡ್ಡಿದರು, ನಾನು ಮೊಣಕಾಲೂರಿದೆ. ರೊಟ್ಟಿಯ ಚೂರು ಅಂಗೈಗೆ ಬಂದಾಗ ಅಕ್ಕನ ಗಂಟು ನೆನಪಾಯಿತು. ಅಂದು ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಇದನ್ನು ಅಳುತ್ತಲೇ ತಿಂದೆ.

ಅಜ್ಜಿ ಹಿರೇಕೊಟ್ನೆಕಲ್ ಬಸ್ಸು ಹತ್ತಿ ಹೋದರು, ಮತ್ತೆ ಸಿಕ್ಕಿಲ್ಲ. ಮನೆಯಲ್ಲಿ ಈಗಲೂ ನಾನೊಬ್ಬಳೇ, ಬರುವವರೂ ಇಲ್ಲ. ಆದರೆ ಹಗಲು ಹೊತ್ತಿನಲ್ಲಿ ನಾನೀಗ ಬಾಗಿಲಿಗೆ ಚಿಲಕ ಹಾಕುವುದಿಲ್ಲ.