ಸೇಂದಿ ಅಂಗಡಿಯಲ್ಲಿ ತಂಗಿಯ ಪದ

ಯಲಬುರ್ಗಾದ ಆ ಗಾಡಿಯವನ ದನಿ ಭಾಳ ಛಲೋ ಇತ್ತೆಂದು ಈಗಲೂ ಜನ ಹೇಳುತ್ತಾರೆ. ಹೇಳಲಿ. ನನಗೆ ಆ ದನಿ ನೆನಪಾದರೆ ಇವತ್ತಿಗೂ ಹಲ್ಲು ಕಚ್ಚುವಂತಾಗುತ್ತದೆ.

ನಿಜಾಮರ ಕಾಲ. ನಾನು ಹನುಮಸಾಗರದ ನೇಕಾರ. ಕುಷ್ಟಗಿಯ ಸಂತೆಯಲ್ಲಿ ಸೀರೆ ಮಾರಿ, ಮಧ್ಯಾಹ್ನ ಇಳಿದ ಮೇಲೆ ಊರ ಹೊರಗಿನ ಸೇಂದಿ ಅಂಗಡಿಗೆ ಹೋಗುತ್ತಿದ್ದೆ. ಅಂಗಡಿಯೆಂದರೆ ಈಚಲು ಗಿಡಗಳ ನಡುವೆ ಒಂದು ಚಪ್ಪರ, ಗಡಿಗೆಗಳ ಸಾಲು, ಅವುಗಳ ಹಿಂದೆ ಕೂತ ಒಬ್ಬ ಗಟ್ಟಿ ಬಾಯಿಯ ಹೆಂಗಸು. ಕುಡಿಯುವುದಕ್ಕಿಂತ ಹಾಡುವುದಕ್ಕೇ ಹೋಗುತ್ತಿದ್ದೆನೆಂದರೆ ನನ್ನ ತಾಯಿ ನಂಬುತ್ತಿರಲಿಲ್ಲ. ಅಲ್ಲಿ ರೈತರು ಲಾವಣಿ ಹಾಡುತ್ತಿದ್ದರು. ನೂಲಿಗೆ ಬಣ್ಣ ಹಾಕುವ ಮುದುಕ ಸಾಬರೊಬ್ಬರು ಉರ್ದು ಶಾಯರಿ ಹೇಳಿ, ನಮಗಾಗಿ ಕನ್ನಡದಲ್ಲಿ ಅರ್ಥ ಬಿಡಿಸುತ್ತಿದ್ದರು. ನಾನು ಮಗ್ಗದ ಮುಂದೆ ಕೂತು ಕಟ್ಟಿದ ಪದಗಳನ್ನು ಹಾಡುತ್ತಿದ್ದೆ.

ನನ್ನ ತಂಗಿ ಚೊಚ್ಚಲ ಹೆರಿಗೆಯಲ್ಲಿ ಗಂಡನ ಮನೆಯಲ್ಲೇ ತೀರಿಕೊಂಡಳು. ಪಂಚಮಿಯ ಜೋಕಾಲಿಗೆ ಕರೆತರಲು ನಾನು ಹೊರಟು ನಿಂತಿದ್ದಾಗ ಸುದ್ದಿ ಬಂತು. ಆ ವರ್ಷ ಒಂದು ಪದ ಕಟ್ಟಿದೆ.

"ಜೋಕಾಲಿ ಕಟ್ಟೀನಿ ತಂಗಿ, ಹಗ್ಗ ಬರಿದ ತೂಗತೈತಿ,
ಬಾಗಿಲದಾಗ ನಿಂತ ಅವ್ವ ದಾರಿ ನೋಡತಾಳ."

ಹೀಗೆ ಶುರುವಾಗುತ್ತಿತ್ತು. ಅಂಗಡಿಯಲ್ಲಿ ಅದನ್ನು ಒಮ್ಮೆ ಹಾಡಿದೆ. ಕುಡಿಯುತ್ತಿದ್ದವರು ಕೈಯಲ್ಲಿದ್ದುದನ್ನು ಕೆಳಗಿಟ್ಟರು. ಸಾಬರು ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ಆಮೇಲೆ ಆ ಪದ ಹಾಡುವ ಧೈರ್ಯ ನನಗೆ ಬರಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ಸಂತೆಯ ದಿನ ಅಂಗಡಿಯ ಹತ್ತಿರ ಬರುತ್ತಿದ್ದಂತೆ ನಗು, ಚಪ್ಪಾಳೆ ಕೇಳಿಸಿತು. ಕೊಪ್ಪಳದ ರೈಲು ಸ್ಟೇಷನ್ನಿಗೆ ಹತ್ತಿ ಹೇರುವ ಆ ಗಾಡಿಯವ ದಪ್ಪು ಬಾರಿಸುತ್ತ ನನ್ನ ಪದ ಹಾಡುತ್ತಿದ್ದ. ಓಡುವ ತಾಳ. ತಂಗಿ ಎನ್ನುವ ಕಡೆಯಲ್ಲೆಲ್ಲ ಹುಡುಗಿ. ದಾರಿ ನೋಡುವ ಅವ್ವನ ಜಾಗದಲ್ಲಿ ಬೇಲಿ ಹಾರಿ ಬರುವ ಗೆಳೆಯ. ಒಬ್ಬ ರೈತ ತೊಡೆ ತಟ್ಟಿ, "ಇನ್ನೊಮ್ಮೆ ಹೇಳೋ, ಆ ಜೋಕಾಲಿ ಹುಡುಗಿದು" ಎಂದ.

ನಾನು ಹೋಗಿ ದಪ್ಪಿನ ಮೇಲೆ ಕೈಯಿಟ್ಟೆ.

"ಈ ಪದ ಯಾರದು?"

"ಯಾರದೋ ಏನೋ. ಬಾಯಿಂದ ಬಾಯಿಗೆ ಬಂದೈತಿ."

"ನಂದು. ಸತ್ತ ನನ್ನ ತಂಗೀ ಮ್ಯಾಲ ಕಟ್ಟಿದ್ದು."

ಅವನ ಮುಖ ಸ್ವಲ್ಪ ಇಳಿಯಿತು. "ನನಗ ಗೊತ್ತಿರಲಿಲ್ಲ" ಎಂದ.

"ಈಗ ಗೊತ್ತಾತಲ್ಲ. ಇನ್ನ ಬಾಯಿ ಮುಚ್ಚು."

ಸಾಬರು ನಡುವೆ ಬಂದು, "ಹೋಗ್ಲಿ ಬಿಡಪಾ. ಹಡದಾಂವ ನೀ, ಸಾಕಿದಾಂವ ಅವ" ಎಂದರು.

"ಸಾಕಾಕ ನಾ ಯಾರಿಗೂ ಕೊಟ್ಟಿಲ್ರಿ ಸಾಬ್ರ" ಎಂದೆ. ಅವರ ಮೇಲೆ ನಾನು ದನಿ ಏರಿಸಿದ್ದು ಅದೇ ಮೊದಲು.

ಮುಂದಿನ ಸಂತೆಗೂ ಅವನು ಅದನ್ನೇ ಹಾಡುತ್ತಿದ್ದ. ನನ್ನನ್ನು ಕಂಡು ನಿಲ್ಲಿಸಲೂ ಇಲ್ಲ. "ಜನ ಕೇಳ್ತಾರ, ಏನ ಮಾಡ್ಲಿ?" ಎಂದ. ಆ ವಾರವೆಲ್ಲ ನಾನು ನೇಯ್ದದ್ದು ಕಡಿಮೆ, ಬೈದದ್ದು ಹೆಚ್ಚು. ಬೈಗುಳವನ್ನೇ ಪದವಾಗಿ ಕಟ್ಟಿಕೊಂಡು ಮತ್ತೆ ಹೋದೆ. ಅವನೆದುರೇ ನಿಂತು ಹಾಡಿದೆ.

"ಎತ್ತಿನ ಮೇವು ಕದ್ದು ತಿಂದ,
ಎತ್ತಿನ ದನಿಲೆ ಹಾಡ್ಯಾನ."

ಜನ ನಕ್ಕರು. ಅವನ ಕಿವಿ ಕೆಂಪಾದವು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವನು ದಪ್ಪು ಎತ್ತಿಕೊಂಡು ಅದೇ ಪದವನ್ನು ತಾನೇ ಹಾಡತೊಡಗಿದ. ನನಗಿಂತ ಚೆನ್ನಾಗಿ ಹಾಡಿದ. ತನ್ನ ಡೊಳ್ಳುಹೊಟ್ಟೆಯ ಮೇಲೆ, ಮುರುಕು ಗಾಡಿಯ ಮೇಲೆ ಎರಡು ನುಡಿ ಸೇರಿಸಿ, ಎತ್ತಿನಂತೆ ಕೂಗಿ ಮುಗಿಸಿದ. ಚಪ್ಪರ ಕಿತ್ತುಹೋಗುವಂತೆ ನಗು. ಈಗ ಎಲ್ಲರೂ ಅವನ ಕಡೆ.

ನಾನು ಕೈಯಲ್ಲಿದ್ದ ಗಡಿಗೆಯನ್ನು ನೆಲಕ್ಕೆ ಅಪ್ಪಳಿಸಿದೆ. ಅಂಗಡಿಯ ಹೆಂಗಸು ಎದ್ದು ನಿಂತು, "ಬೈದಾಡೂದಿದ್ರ ಬಾಯಿಲೆ ಬೈದಾಡ್ರಿ. ನನ್ನ ಗಡಿಗಿ ನಿಮಗೇನ್ ಮಾಡಿತ್ತು? ನಡೀರಿ ಹೊರಗ" ಎಂದಳು. ಸಾಬರು ನೆಲ ನೋಡುತ್ತ ಕೂತಿದ್ದರು. ಆಮೇಲೆ ನಾನು ಕುಷ್ಟಗಿಯ ಸಂತೆಯನ್ನೇ ಬಿಟ್ಟೆ. ದಾರಿ ದೂರವಾದರೂ ಗಂಗಾವತಿಗೆ ಸೀರೆ ಒಯ್ಯತೊಡಗಿದೆ. ಅಲ್ಲಿಯ ಸೇಂದಿ ಅಂಗಡಿಯಲ್ಲಿ ಪದ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಬರುವುದಿಲ್ಲ ಎನ್ನುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಅವನು ನಮ್ಮೂರಿಗೇ ಬಂದ. ನೇಕಾರರಿಗೆ ನೂಲಿನ ಹೇರು ತಂದಿದ್ದ. ಬಿಸಿಲಿಗೆ ಬಾಯಾರಿ, ಯಾರ ಮನೆಯೆಂದು ತಿಳಿಯದೆ ನಮ್ಮ ಬಾಗಿಲಲ್ಲಿ ನೀರು ಕೇಳಿದ. ಮಗ್ಗದ ಗುಂಡಿಯಲ್ಲಿ ಕೂತಿದ್ದ ನಾನು ದನಿಯಿಂದಲೇ ಗುರುತು ಹಿಡಿದೆ. ಏಳಲಿಲ್ಲ. ತಾಯಿ ತಂಬಿಗೆ ಒಯ್ದು ಕೊಟ್ಟಳು. ತಂಗಿ ಹೋದಂದಿನಿಂದ ಬಂದವರನ್ನೆಲ್ಲ ಕೇಳುವಂತೆ ಅವನನ್ನೂ ಕೇಳಿದಳು:

"ಅಕ್ಕ-ತಂಗೇರು ಅದಾರೇನಪಾ ನಿನಗ?"

ಅವನು ಒಳಗೆ ನೋಡಿದ. ನನ್ನನ್ನು ಕಂಡ. ತಂಬಿಗೆ ಬಾಯಿಯ ಹತ್ತಿರವೇ ನಿಂತಿತು. ಬಾಗಿಲಲ್ಲಿ ನಿಂತ ಅವ್ವನ ಕಡೆ ತಿರುಗಿ ನೋಡಿದ.

"ಇಲ್ಲ ಯವ್ವಾ" ಎಂದ.

ಅರ್ಧ ನೀರು ಬಿಟ್ಟು ಗಾಡಿ ಹೊಡೆದುಕೊಂಡು ಹೋದ. ತಾಯಿ ಒಳಗೆ ಬಂದು, "ಯಾರಾಂವ? ನಿನ್ನ ಗುರುತು ಇದ್ದಾಂಗಿತ್ತು" ಎಂದಳು.

"ಯಾರೋ ಗಾಡಿಯಾಂವ" ಎಂದು ಲಾಳಿ ಒಗೆದೆ.