ಸೂರ್ಯ ಹುಟ್ಟದ ಊರಿನ ರಾಹುಕಾಲ

ನಿನ್ನೆ ದೇವರ ಮುಂದೆ ಸಾಂಬ್ರಾಣಿ ಹಾಕಿದೆ. ಹೊಗೆ ಏಳುತ್ತಲೇ ಚಾವಣಿಯ ಹೊಗೆ-ಅಲಾರಂ ಕೂಗಿತು. ಟವೆಲ್ ಬೀಸುತ್ತ, ಗೋಡೆಯ ಆಚೆಯಿಂದ ಬರಬೇಕಾದ ಬಡಿತಕ್ಕೆ ಕಿವಿಗೊಟ್ಟು ನಿಂತುಬಿಟ್ಟೆ...

ಪರದೇಶದ ವಿಕ್ಸಮ್ ಊರಿನ ಈ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಆಂಟಿಗೂ ನನಗೂ ಆಗುತ್ತಿರಲಿಲ್ಲ. ಸತ್ತವರೆಂದು ಈಗ ಬೆಣ್ಣೆ ಹಚ್ಚಲಾರೆ. ಧಾರವಾಡದ ಕಡೆಯವರು, ಮಗಳ ಜೊತೆಗಿದ್ದರು. ನನ್ನ ಸಾಂಬ್ರಾಣಿಯ ಮೇಲೆ ಕಟ್ಟಡದ ಆಫೀಸಿಗೆ ದೂರು ಕೊಡುತ್ತಿದ್ದರು. ನನ್ನ ಸಾರನ್ನು ಪಾನಕ ಎನ್ನುತ್ತಿದ್ದರು. ಮೆಟ್ಟಿಲಲ್ಲಿ ಎದುರಾದರೆ ನಾನೂ ಮುಖ ತಿರುಗಿಸುತ್ತಿದ್ದೆ.

ಒಂದು ಚಳಿಗಾಲ ನಮ್ಮ ಯಜಮಾನರನ್ನು ಕಂಪನಿ ಅಲಾಸ್ಕಾದ ತುತ್ತತುದಿಗೆ ಕಳಿಸಿತ್ತು. ಬ್ಯಾರೋದಲ್ಲಿ ಕೆಲಸ ಮುಗಿಸಿ ಡೆಡ್‌ಹಾರ್ಸ್‌ಗೆ ಹೋಗಬೇಕಿತ್ತು. ಊರಿಗೆ ಸತ್ತ ಕುದುರೆಯ ಹೆಸರಿಟ್ಟವರಿಗೆ ಏನನ್ನಬೇಕು! ನಡುವೆ ರಸ್ತೆಯಿಲ್ಲ. ಇನ್ನೂರು ಮೈಲಿ, ವಿಮಾನದಲ್ಲಿ ಒಂದು ಗಂಟೆಯೂ ಇಲ್ಲ ಎಂದು ಫೋನಿನಲ್ಲಿ ನೋಡಿಟ್ಟುಕೊಂಡಿದ್ದೆ. ಆದರೆ ಹೊರಡುವುದು ಸೋಮವಾರ ಬೆಳಿಗ್ಗೆ ಅಲ್ಲಿಯ ಎಂಟಕ್ಕೆ (ನಮಗಿಲ್ಲಿ ಮಧ್ಯಾಹ್ನ ಹನ್ನೆರಡು), ಸರಿಯಾಗಿ ರಾಹುಕಾಲದಲ್ಲಿ. ಮುಂದಿನ ವಿಮಾನಕ್ಕೆ ಹೋಗಿ ಎಂದು, ಅವರು ಹೊರಡುವ ಮುಂಚೆ ಫೋನಿನಲ್ಲಿ ನಾನು ಅತ್ತುಬಿಟ್ಟೆ. ಅದು ಗುರುವಾರ, ಅಷ್ಟರಲ್ಲಿ ಕೆಲಸ ಹೋಗುತ್ತದೆ, ಹಿಂದೆಯೇ ವೀಸಾನೂ ಹೋಗುತ್ತದೆ ಎಂದರು ಅವರು. ನನ್ನ ಅಳು ನಿಲ್ಲದಿದ್ದಾಗ, ಆಯ್ತು ಬಿಡು, ಹತ್ತುವುದಿಲ್ಲ ಎಂದರು.

ಗೋಡೆಯ ಆಚೆಗೂ ಕೇಳಿಸಿರಬೇಕು. ಆಂಟಿ ಬಾಗಿಲು ತಳ್ಳಿಕೊಂಡು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

“ಅಲ್ಲೆ ಎರಡು ತಿಂಗಳ ಸೂರ್ಯಾನ ಹುಟ್ಟಂಗಿಲ್ಲ ಅಂತ ಮೊನ್ನೆ ಮೆಟ್ಟಿಲ ಮ್ಯಾಲೆ ಎಲ್ಲಾರ ಮುಂದ ನೀನ ಜಂಬ ಹೊಡದಿದ್ದಿಲ್ಲ? ಸೂರ್ಯ ಹುಟ್ಟಿದ ಮ್ಯಾಲೆ ರಾಹುಕಾಲ ಎಣಸೋದು. ಅಂವಾ ಹುಟ್ಟದ ಊರಾಗ ಎಲ್ಲಿಂದ ತಂದಿ ರಾಹುಕಾಲ, ಮೈಸೂರಾಕಿ?”

ನಾನು ಪಂಚಾಂಗಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅವರು ಫೋನ್ ಕಸಿದುಕೊಂಡು, “ನೀವು ವಿಮಾನ ಹತ್ರೀ. ಇಕಿ ಜೋಡಿ ನಾ ಕುಂಡ್ರತೀನಿ” ಎಂದು ಯಜಮಾನರಿಗೆ ಹೇಳಿ ಕರೆ ಮುಗಿಸಿಯೇಬಿಟ್ಟರು.

ಗಂಟೆ ಕಳೆಯಿತು, ಸುದ್ದಿಯಿಲ್ಲ. ಮಕ್ಕಳು ಸ್ಕೂಲಿನಿಂದ ಬಂದರೂ ಇಲ್ಲ. ಆ ಮಧ್ಯಾಹ್ನ ಆ ಹೆಂಗಸಿಗೆ ನಾನು ಹಾಕಿದ ಶಾಪ ದೇವರಿಗೇ ಗೊತ್ತು. ಅವರು ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ಸಾರಿಗೆ ಹೆಸರಿಟ್ಟುಕೊಂಡೇ ಉಂಡರು.

“ಗಡಿಯಾರ ಎಷ್ಟ ನೋಡ್ತಿ. ಇದಕ್ಕಿಷ್ಟು ಖಾರ ಹಾಕು.”

ಕತ್ತಲಾಗುವ ಹೊತ್ತಿಗೆ ಕರೆ ಬಂತು. ಮಂಜು ಕವಿದು ಇಳಿಯಲಾಗದೆ ವಿಮಾನ ಹಿಂದಕ್ಕೆ ಹೋಗಿ, ಕಾದು, ಮತ್ತೆ ಹೊರಟು ತಲುಪಿತ್ತಂತೆ. ಜೀವ ಉಳಿಯಿತು, ಕೆಲಸ ಉಳಿಯಿತು, ಆ ರಾತ್ರಿ ಮಕ್ಕಳು ಏನೂ ತಿಳಿಯದೆ ನಿದ್ದೆ ಮಾಡಿದರು. ಎಲ್ಲ ಆ ದೇವರ ದಯೆ. ಆಂಟಿ ಹೋಗುತ್ತೇನೆಂದೂ ಹೇಳದೆ ಎದ್ದು ಹೋದರು. ಬೆಳಿಗ್ಗೆ ಹರಕೆಯ ಸಾಂಬ್ರಾಣಿ ಹಾಕಿದರೆ ಗೋಡೆ ಬಡಿದರು. ಸಂಜೆಗೆ ಆಫೀಸಿನ ನೋಟೀಸೂ ಬಂತು.

ಆಮೇಲೂ ನಮಗೆ ಆಗಲಿಲ್ಲ. ಮಗಳಿಗೆ ದೂರದ ಲೈಲ್ ಊರಿನಲ್ಲಿ ಕೆಲಸವಾಗಿ ಮನೆ ಖಾಲಿ ಮಾಡಿದ ದಿನವೂ ಮಾತಿಲ್ಲ. ಅಲ್ಲೇ ತೀರಿಕೊಂಡರೆಂದು ದೇವಸ್ಥಾನದಲ್ಲಿ ಯಾರೋ ಹೇಳಿದರು, ಅದೂ ತಿಂಗಳು ಕಳೆದ ಮೇಲೆ... ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಿನ್ನೆ ಅಲಾರಂ ತಾನಾಗಿಯೇ ನಿಂತಿತು. ಗೋಡೆಯ ಆಚೆ ಈಗ ಬೇರೆ ಸಂಸಾರವಿದೆ. ಒಳ್ಳೆಯ ಜನ. ಎಷ್ಟು ಹೊಗೆ ಹೋದರೂ ಬಡಿಯುವುದಿಲ್ಲ.